ಅಕ್ಕನ ಎಲೆಕ್ಟಿವ್, ನನ್ನ ಎಲೆಕ್ಟಿವ್

'ನೀ ಯಾಕ ಆ ಪೇಪರ್ ತಗೊಂಡಿ?'

'ಸರಳ ಐತಿ ಅಂತ.'

'ಮತ್ತ?'

'ಎಲ್ಲಾರೂ ಅದನ್ನ ತಗೊಂಡ್ರು.'

ಅಕ್ಕ ಕೇಳಿದ ಪ್ರಶ್ನೆಗೆ ನನ್ನ ಬಳಿ ಇದ್ದ ಉತ್ತರ ಇಷ್ಟೇ. ನಾನು ಎಲೆಕ್ಟ್ರಾನಿಕ್ಸ್ ಬಿಇ ಮೂರನೇ ವರ್ಷದವನು. ಸಂಕೇಶ್ವರದಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತೇನೆ. ನಮಗೆ ಆರನೇ ಸೆಮಿಸ್ಟರ್‌ನಲ್ಲಿ ಓಪನ್ ಎಲೆಕ್ಟಿವ್ ಅಂತ ಒಂದು ವಿಷಯ ಇರುತ್ತದೆ. ನಮ್ಮ ವಿಭಾಗದ್ದಲ್ಲದ ಒಂದು ವಿಷಯವನ್ನು ನಾವೇ ಆರಿಸಿಕೊಂಡು ಓದಬೇಕು. ಪಟ್ಟಿ ಬಂದ ದಿನವೇ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪೋಲ್ ಬಂತು. ಯಾವ ಪೇಪರಿಗೆ ಹಳೆಯ ಪ್ರಶ್ನೆಪತ್ರಿಕೆ ನೋಡಿಕೊಂಡರೆ ಸಾಕೋ ಅದಕ್ಕೆ ಹೆಚ್ಚು ವೋಟು ಬಿದ್ದವು. ನಾನೂ ಅದಕ್ಕೇ ಹಾಕಿದೆ. ಹತ್ತು ಸೆಕೆಂಡ್ ಕೂಡ ಹಿಡಿದಿರಲಿಲ್ಲ.

ಅಕ್ಕ ನನ್ನನ್ನು ಕೆಣಕಲು ಕೇಳಿದ್ದಲ್ಲ. ಅವಳು ಎಂಬಿಬಿಎಸ್ ಓದುತ್ತಿದ್ದಾಳೆ. ಎರಡನೇ ಸಲ ನೀಟ್ ಬರೆದು, ಸರ್ಕಾರಿ ಸೀಟು ಸಿಕ್ಕು, ಹೇಗೋ ಮೂರನೇ ವರ್ಷದ ಮೊದಲ ಭಾಗದ ಪರೀಕ್ಷೆ ಮುಗಿಸಿ ನಾಲ್ಕು ದಿನ ಮನೆಗೆ ಬಂದಿದ್ದಳು. ಅವಳ ಬ್ಯಾಗಿನಲ್ಲೂ ಒಂದು ಫಾರ್ಮ್ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಎಲೆಕ್ಟಿವ್' ಅಂತ ಬರೆದಿತ್ತು. ಡಾಕ್ಟರ್ ಓದುವವರಿಗೂ ಎಲೆಕ್ಟಿವ್ ಇರುತ್ತದೆ ಅನ್ನುವುದು ನನಗೆ ಗೊತ್ತಾದದ್ದೇ ಆವತ್ತು.

ಒಂದು ಫಾರ್ಮ್, ಮನೆತುಂಬ ಅಭಿಪ್ರಾಯ

2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ಈ ಎಲೆಕ್ಟಿವ್ ಸೇರಿಕೊಂಡಿತು. ಮೂರನೇ ವರ್ಷದ ಮೊದಲ ಭಾಗದ ಪರೀಕ್ಷೆ ಮುಗಿದ ಮೇಲೆ, ಕೊನೆಯ ಹಂತ ಶುರುವಾಗುವ ಮೊದಲು. ಆಗ ಅದಕ್ಕೆ ಎರಡು ತಿಂಗಳು ಇತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಲ್ಲಿ ಅದು ಒಂದು ತಿಂಗಳಿಗೆ ಇಳಿದಿದೆ. ಹದಿನೈದು ಹದಿನೈದು ದಿನಗಳ ಎರಡು ಭಾಗ. ಮೊದಲ ಭಾಗದಲ್ಲಿ ಪ್ರಯೋಗಾಲಯ ಅಥವಾ ನಡೆಯುತ್ತಿರುವ ಯಾವುದಾದರೂ ಸಂಶೋಧನೆ. ಎರಡನೆಯ ಭಾಗದಲ್ಲಿ ರೋಗಿಗಳಿರುವ ವಿಭಾಗ. ವಾರ್ಡ್, ಐಸಿಯು, ಬ್ಲಡ್ ಬ್ಯಾಂಕ್, ಕ್ಯಾಶುವಾಲ್ಟಿ, ಇಲ್ಲವೇ ಹಳ್ಳಿಯ ಅಥವಾ ನಗರದ ಆರೋಗ್ಯ ಕೇಂದ್ರ. ಪಟ್ಟಿ ಕಾಲೇಜು ಕೊಡುತ್ತದೆ, ಆಯ್ಕೆ ವಿದ್ಯಾರ್ಥಿಯದು.

ಇದರಲ್ಲಿ ಪ್ರತ್ಯೇಕ ಪರೀಕ್ಷೆ ಇಲ್ಲ. ಆದರೆ ಶೇ 75ರಷ್ಟು ಹಾಜರಿ ಇರಬೇಕು, ಲಾಗ್‌ಬುಕ್ ಬರೆದು ಒಪ್ಪಿಸಬೇಕು. ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಇನ್ನೊಂದು ಮಾತನ್ನೂ ನಿಯಮದಲ್ಲಿ ಬರೆದಿದ್ದಾರೆ: ಬೇರೆ ಕಡೆ ತಪ್ಪಿದ ಪೋಸ್ಟಿಂಗ್ ತುಂಬಿಸಲು, ಕಡಿಮೆಬಿದ್ದ ಹಾಜರಿ ಸರಿಮಾಡಲು ಈ ದಿನಗಳನ್ನು ಬಳಸುವಂತಿಲ್ಲ. ಇದನ್ನು ಓದಿದಾಗ ನನಗೆ ನಗು ಬಂತು. ನಿಯಮ ಬರೆದವರಿಗೆ ವಿದ್ಯಾರ್ಥಿಗಳು ಚೆನ್ನಾಗಿ ಗೊತ್ತು.

ಅಕ್ಕನ ಬ್ಯಾಚಿನಲ್ಲಿ ಹೆಚ್ಚು ಜನ ಕಣ್ಣಿಟ್ಟಿದ್ದು ರೇಡಿಯಾಲಜಿ ಮತ್ತು ಚರ್ಮರೋಗ ವಿಭಾಗಕ್ಕೆ. ಮುಂದೆ ಪಿಜಿಗೆ ಬಹಳ ಬೇಡಿಕೆ ಇರುವ ವಿಭಾಗಗಳು ಅವು. ರಾತ್ರಿ ಪಾಳಿ ಇಲ್ಲ. ಸಂಜೆ ರೂಮಿಗೆ ಬಂದು ನೀಟ್ ಪಿಜಿಗೆ ಓದಬಹುದು.

ನಮ್ಮಪ್ಪನಿಗೂ ಅದೇ ಸರಿ ಅನ್ನಿಸಿತು. 'ಯವ್ವಾ, ರೇಡಿಯಾಲಜಿ ಬರಿ. ಹದಿನೈದು ದಿನ ಓದಾಕ ಸಿಗತೈತಿ. ಬ್ಯಾಂಕಿನ ಸಾಲ ಐತಿ ನೋಡು, ಪಿಜಿ ಜಲ್ದಿ ಆದ್ರ ಚಲೋ' ಅಂದರು. ಮೂರು ಎಕರೆ ಕಬ್ಬಿನ ಹೊಲ, ಕಾರ್ಖಾನೆಯ ಬಿಲ್ ಬರುವುದನ್ನೇ ಕಾಯುವ ಮನೆ ನಮ್ಮದು. ಅಪ್ಪ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಕ್ಕ ಏನೂ ಮಾತಾಡಲಿಲ್ಲ. ರಾತ್ರಿ ಊಟ ಆದಮೇಲೆ ಫಾರ್ಮ್ ತುಂಬಿದಳು. ಮೊದಲ ಭಾಗಕ್ಕೆ ಪೆಥಾಲಜಿ ಪ್ರಯೋಗಾಲಯ. ಎರಡನೆಯದಕ್ಕೆ ಹೆರಿಗೆ ವಾರ್ಡ್.

'ಅದು ಹೆಂಗೂ ಪೋಸ್ಟಿಂಗ್‌ನ್ಯಾಗ ಬರ್ತೈತಲ್ಲ?' ಅಂತ ಕೇಳಿದೆ.

'ಬರ್ತೈತಿ. ಆವಾಗ ಮೂವತ್ತು ಮಂದಿ ಸುತ್ತ ನಿಂತಿರ್ತೀವಿ. ಹಿಂದ ನಿಂತವರಿಗೆ ಮುಂದ ನಿಂತವರ ಬೆನ್ನು ಕಾಣತೈತಿ' ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ನನಗ ಒಂದು ಪ್ರಶ್ನೆ ಐತಿ. ಅದರ ಉತ್ತರ ಅಲ್ಲೇ ಸಿಗಬೇಕು' ಅಂದಳು.

ತಂಬಿಗೆ ಲೆಕ್ಕ

ಆ ಪ್ರಶ್ನೆಗೆ ಕಾರಣ ನಾನೇ.

ನಾನು ಹುಟ್ಟಿದ್ದು 2005ರ ಮಳೆಗಾಲದಲ್ಲಿ, ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅವ್ವನ ತವರುಮನೆಯಲ್ಲಿ. ಹೆರಿಗೆ ಮಾಡಿಸಿದ್ದು ಊರಿನ ಸೂಲಗಿತ್ತಿ. ನಾನೇನೋ ಸರಿಯಾಗಿ ಹುಟ್ಟಿ ಅತ್ತೆನಂತೆ. ಆಮೇಲೆ ಅವ್ವನಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಮೊದಮೊದಲು ಯಾರೂ ಗಾಬರಿಯಾಗಲಿಲ್ಲ, ಹೆರಿಗೆಯಲ್ಲಿ ರಕ್ತ ಹೋಗುವುದು ಇದ್ದದ್ದೇ ಅಂದುಕೊಂಡರು. ಅವ್ವ ಮಾತು ತೊದಲಿದಾಗ ಎಚ್ಚರಾದರು. ಮಳೆಯಲ್ಲಿ ಟ್ರ್ಯಾಕ್ಸ್ ಹುಡುಕಿ ತರಲು ಒಂದು ತಾಸು, ಬೆಳಗಾವಿ ಮುಟ್ಟಲು ಮತ್ತೂ ಒಂದೂವರೆ ತಾಸು. ಮೂರು ಬಾಟಲಿ ರಕ್ತ ಕೊಟ್ಟರು. ಅವ್ವ ಉಳಿದಳು. ಆಗ ಅಕ್ಕನಿಗೆ ಎರಡು ವರ್ಷ.

ಈ ಕಥೆಯನ್ನು ನಾವಿಬ್ಬರೂ ಸಾವಿರ ಸಲ ಕೇಳಿದ್ದೇವೆ. ಪ್ರತಿ ಸಲವೂ ಒಂದು ವಿಷಯ ಮಾತ್ರ ಬೇರೆ ಬೇರೆ ಇರುತ್ತದೆ: ಎಷ್ಟು ರಕ್ತ ಹೋಯಿತು? ಅವ್ವನ ಅವ್ವ, ನಮ್ಮ ಆಯಿ, 'ಎರಡು ತಂಬಿಗಿ' ಅನ್ನುತ್ತಾಳೆ. ಒಮ್ಮೊಮ್ಮೆ ಮೂರು ಅನ್ನುತ್ತಾಳೆ. ಅಪ್ಪ 'ಟ್ರ್ಯಾಕ್ಸಿನ ಸೀಟು ಪೂರಾ ತೊಯ್ದಿತ್ತು' ಅನ್ನುತ್ತಾರೆ. ಅವ್ವನಿಗೆ ನೆನಪಿಲ್ಲ. ಆಸ್ಪತ್ರೆಯ ಹಳೆಯ ಚೀಟಿ ಈಗಲೂ ಟ್ರಂಕಿನಲ್ಲಿದೆ. ಅದರಲ್ಲೂ ಅಂಕಿ ಇಲ್ಲ. 'ಅತಿಯಾದ ರಕ್ತಸ್ರಾವ' ಅಂತಷ್ಟೇ ಇದೆ.

ನಾನು ಎಲೆಕ್ಟ್ರಾನಿಕ್ಸ್ ಓದುವವನು. ಮಿಲಿವೋಲ್ಟ್ ಹೆಚ್ಚುಕಡಿಮೆಯಾದರೆ ರೆಕಾರ್ಡ್ ಬುಕ್ಕಿನಲ್ಲಿ ಕೆಂಪು ಗೆರೆ ಬೀಳುತ್ತದೆ. ಆದರೂ ಇಷ್ಟು ವರ್ಷ ಈ ಕಥೆ ಕೇಳುವಾಗ ಅದನ್ನು ಅಳೆಯಬಹುದಿತ್ತಲ್ಲ ಅನ್ನುವ ಯೋಚನೆ ನನಗೆ ಬಂದಿರಲಿಲ್ಲ. ಅಕ್ಕನಿಗೆ ಬಂದಿತ್ತು. ಅವಳ ಪ್ರಶ್ನೆ ಇದು: ಮುಂದೆ ಒಬ್ಬ ಬಾಣಂತಿ ನನ್ನ ಎದುರಿಗೆ ಇದ್ದಾಗ, ಹೋಗುತ್ತಿರುವ ರಕ್ತ ಹೆಚ್ಚಾಯಿತು ಅಂತ ನನಗೆ ಯಾವಾಗ ತಿಳಿಯುತ್ತದೆ?

ಬೆಳಗಾವಿಯ ಒಂದು ಪ್ಲಾಸ್ಟಿಕ್ ಹಾಳೆ

ಮನೆಯಲ್ಲಿದ್ದ ಆ ನಾಲ್ಕು ದಿನಗಳಲ್ಲಿ ಅಕ್ಕ ನನಗೊಂದು ವಿಷಯ ಹೇಳಿದಳು. ಬೆಳಗಾವಿ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತೇ ಇರಲಿಲ್ಲ. ನಿಮ್ಮಲ್ಲೂ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ.

ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಆಗ ರಕ್ತನಾಳಗಳು ಒತ್ತಿಕೊಂಡು ರಕ್ತ ನಿಲ್ಲುತ್ತದೆ. ಮುದುಡದಿದ್ದರೆ ರಕ್ತ ಹರಿಯುತ್ತಲೇ ಇರುತ್ತದೆ. ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹೋದರೆ ಅದನ್ನು ಹೆರಿಗೆ ನಂತರದ ರಕ್ತಸ್ರಾವ ಅನ್ನುತ್ತಾರೆ. ಅದನ್ನು ತಡೆಯಲು ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದರೆ ಅದನ್ನು ಫ್ರಿಜ್‌ನಲ್ಲಿ ಇಡಬೇಕು, ಚುಚ್ಚಲು ಕಲಿತವರು ಬೇಕು. ಕರೆಂಟ್ ಇಲ್ಲದ ಹಳ್ಳಿಯಲ್ಲಿ, ಮನೆಯಲ್ಲೇ ಹೆರಿಗೆಯಾದರೆ?

ಈ ಪ್ರಶ್ನೆ ಹಿಡಿದು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ತಜ್ಞರ ಜೊತೆ ಸೇರಿ ನಮ್ಮ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಅಧ್ಯಯನ ಮಾಡಿದರು. 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ. ಒಟ್ಟು 1,620 ತಾಯಂದಿರು. ಹೆರಿಗೆ ಮಾಡಿಸಿ, ಔಷಧ ಕೊಟ್ಟು, ರಕ್ತ ಅಳೆದವರು ದೊಡ್ಡ ಡಾಕ್ಟರುಗಳಲ್ಲ. ಮನೆ ಮನೆಗೆ ಬರುವ 25 ಮಂದಿ ಎಎನ್‌ಎಂ ಸಿಸ್ಟರ್‌ಗಳು. ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಕೊಟ್ಟರು. ಉಳಿದವರಿಗೆ ಅದರಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆ. ಅತಿಯಾದ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 18 ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳಿಗೆ ಬರಬೇಕಿದ್ದ ಅಪಾಯ ತಪ್ಪುತ್ತದೆ ಅಂತ ಲೆಕ್ಕ. 2006ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಗುಳಿಗೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನನ್ನ ತಲೆಯಲ್ಲಿ ಉಳಿದದ್ದು ಗುಳಿಗೆ ಅಲ್ಲ, ಆ ಸಿಸ್ಟರ್‌ಗಳು ರಕ್ತ ಅಳೆದ ಸಾಧನ. ಬಾಣಂತಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿಗೆ ಕೊಳವೆಯಂತೆ ಇಳಿಬಿದ್ದ ಚೀಲ. ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಹರಿದು ಚೀಲದಲ್ಲಿ ಸೇರುತ್ತದೆ, ಗೆರೆ ನೋಡಿದರೆ ಎಷ್ಟು ಅಂತ ತಿಳಿಯುತ್ತದೆ. ಇಷ್ಟೇ. ಈ ಅಧ್ಯಯನಕ್ಕೆಂದೇ ಅದನ್ನು ರೂಪಿಸಿದ್ದರು.

ಕಣ್ಣಂದಾಜಿಗೂ ಈ ಹಾಳೆಗೂ ಎಷ್ಟು ವ್ಯತ್ಯಾಸ ಅಂತ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ನೋಡಿದರು. ಕಣ್ಣಂದಾಜು ಹಾಳೆಯ ಅಳತೆಗಿಂತ ಶೇ 33ರಷ್ಟು ಕಡಿಮೆ ಇತ್ತು. ಅಂದರೆ ಮೂರರಲ್ಲಿ ಒಂದು ಪಾಲು ರಕ್ತ ನೋಡುವವರ ಲೆಕ್ಕಕ್ಕೇ ಸಿಗುತ್ತಿಲ್ಲ! 'ಇನ್ನೂ ಅಷ್ಟೊಂದು ಹೋಗಿಲ್ಲ' ಅಂದುಕೊಳ್ಳುವ ಹೊತ್ತಿಗೆ ಹೋಗಬೇಕಾದಷ್ಟು ಹೋಗಿರುತ್ತದೆ.

ಮುಂದೆ 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಇಂಥದ್ದೇ ಗೆರೆಯ ಹಾಳೆಯಲ್ಲಿ ರಕ್ತ ಅಳೆದು, ಹೆಚ್ಚಾಯಿತು ಅಂತ ಕಂಡ ತಕ್ಷಣ ಬೇಕಾದ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಸಾವು–ಶಸ್ತ್ರಚಿಕಿತ್ಸೆಗಳು ಒಟ್ಟಾರೆ ಶೇ 60ರಷ್ಟು ಕಡಿಮೆಯಾಗಿದ್ದವು.

ನಾನು ಹುಟ್ಟಿದ ಮಳೆಗಾಲದಲ್ಲಿ ಇದೇ ಜಿಲ್ಲೆಯ ಯಾವುದೋ ಊರಿನಲ್ಲಿ ಯಾವಳೋ ಬಾಣಂತಿಯ ಕೆಳಗೆ ಆ ಹಾಳೆ ಇತ್ತು. ನಮ್ಮವ್ವನಿಗೆ ಯಾರೂ ಹಾಳೆ ಹಾಸಿರಲಿಲ್ಲ, ಗುಳಿಗೆ ಕೊಟ್ಟಿರಲಿಲ್ಲ. ಅವಳ ಕೆಳಗೆ ಇದ್ದದ್ದು ಹಳೆಯ ಕೌದಿ.

ಹದಿನೈದು ಮತ್ತು ಹದಿನೈದು

ಅಕ್ಕನ ಎಲೆಕ್ಟಿವ್ ಸಿನಿಮಾದಂತೆ ಏನೂ ನಡೆಯಲಿಲ್ಲ. ಮೊದಲ ಹದಿನೈದು ದಿನ ಪ್ರಯೋಗಾಲಯದಲ್ಲಿ ರಕ್ತದ ಮಾದರಿಗಳ ನಡುವೆ ಕಳೆದವು. ಫೋನ್ ಮಾಡಿದಾಗಲೆಲ್ಲ 'ಬೋರ್ ಆಗಾಕತ್ತೈತಿ' ಅನ್ನುತ್ತಿದ್ದಳು. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಅವಳ ದನಿ ಬದಲಾಯಿತು.

'ತಮ್ಮಾ, ಬಸುರಿ ಹೆಂಗಸಿಗೆ ಹಿಮೊಗ್ಲೋಬಿನ್ ಹನ್ನೊಂದಕ್ಕಿಂತ ಕಡಿಮಿ ಇದ್ರ ರಕ್ತಹೀನತೆ ಅಂತ ಪುಸ್ತಕದಾಗ ಓದಿದ್ದೆ. ಇಲ್ಲಿ ದಿನಾ ಎಂಟು, ಒಂಬತ್ತು ಬರೀತೀನಿ. ಒಂದೊಂದು ಏಳಕ್ಕಿಂತ ಕೆಳಗ ಇರ್ತಾವು. ಹನ್ನೆರಡು ಇದ್ದಾಕಿಗೆ ಅರ್ಧ ಲೀಟರ್ ಹೋಗೂದೂ, ಏಳು ಇದ್ದಾಕಿಗೆ ಅರ್ಧ ಲೀಟರ್ ಹೋಗೂದೂ ಒಂದೇ ಅಲ್ಲ.'

ಪುಸ್ತಕದಲ್ಲಿ ಒಂದು ಸಾಲಾಗಿದ್ದದ್ದು ಅವಳಿಗೆ ಅಲ್ಲಿ ಮನುಷ್ಯರಾಗಿ ಕಂಡಿತ್ತು ಅಂತ ನನಗೆ ಅನ್ನಿಸಿತು. ಆ ಟ್ಯೂಬ್‌ಗಳ ಮೇಲೆ ಅಂಟಿಸಿದ ಹೆಸರು, ವಯಸ್ಸು ನೋಡುತ್ತಿದ್ದಳಂತೆ. ಹತ್ತೊಂಬತ್ತು, ಇಪ್ಪತ್ತು. ನನ್ನ ವಯಸ್ಸಿನವರು.

ಎರಡನೆಯ ಭಾಗ ಹೆರಿಗೆ ವಾರ್ಡ್. ಮೊದಲ ಮೂರು ದಿನ ರಿಜಿಸ್ಟರ್ ತುಂಬಿಸಿದಳು. ಯಾರಿಗೂ ಇವಳ ಜೊತೆ ಮಾತಾಡಲು ಪುರುಸೊತ್ತಿಲ್ಲ. ನಾಲ್ಕನೆಯ ದಿನ ಧೈರ್ಯ ಮಾಡಿ ಯುನಿಟ್ಟಿನ ಮೇಡಂ ಹತ್ತಿರ ತನ್ನ ಪ್ರಶ್ನೆ ಹೇಳಿಕೊಂಡಳು. ಅವರು ಒಂದು ಕೆಲಸ ಕೊಟ್ಟರು. ತಾಯಿಯ ಒಪ್ಪಿಗೆ ಕೇಳಿ, ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಗಿರಬಹುದು ಅಂತ ಮೊದಲು ನೀನೇ ಅಂದಾಜು ಬರೆದುಕೋ. ಆಮೇಲೆ ಒದ್ದೆಯಾದ ಬಟ್ಟೆ, ಪ್ಯಾಡ್‌ಗಳನ್ನು ತೂಕ ಮಾಡಿ, ಒಣಗಿದ್ದಾಗಿನ ತೂಕ ಕಳೆ. ಒಂದು ಮಿಲಿಲೀಟರ್ ರಕ್ತಕ್ಕೆ ಒಂದು ಗ್ರಾಂಗಿಂತ ತುಸು ಹೆಚ್ಚು ತೂಕ. ಹಾಗಾಗಿ ಗ್ರಾಂ ಎಷ್ಟೋ ಸುಮಾರು ಅಷ್ಟೇ ಮಿಲಿಲೀಟರ್ ಅಂತ ಹಿಡಿಯಬಹುದು. ಎರಡೂ ಅಂಕಿ ಪಕ್ಕಪಕ್ಕ ಬರೆ.

ಮೊದಲ ಸಲ ಅಕ್ಕನ ಅಂದಾಜು 200. ತಕ್ಕಡಿ ಹೇಳಿದ್ದು 350. ಎರಡನೆಯ ಸಲ 150, ತಕ್ಕಡಿಯಲ್ಲಿ 260. ವಾರದವರೆಗೂ ಅವಳು ಬರೆದ ಅಂಕಿ ಕಡಿಮೆಯೇ. ಕೊನೆಕೊನೆಗೆ ಹತ್ತಿರ ಬಂತು. ಇದೇನೂ ಅಧ್ಯಯನವಲ್ಲ, ಒಬ್ಬ ವಿದ್ಯಾರ್ಥಿನಿಯ ಲಾಗ್‌ಬುಕ್ಕಿನ ಪುಟಗಳು ಅಷ್ಟೇ. ಆದರೆ ತನ್ನ ಕಣ್ಣು ಎಷ್ಟು ತಪ್ಪುತ್ತದೆ, ಯಾವ ಕಡೆಗೆ ತಪ್ಪುತ್ತದೆ ಅನ್ನುವುದು ಅವಳಿಗೆ ಈಗ ಗೊತ್ತು. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ.

ಅಂಗಳದಲ್ಲಿ ಒಂದು ಪ್ರಯೋಗ

ಎಲೆಕ್ಟಿವ್ ಮುಗಿಸಿ ಬಂದ ಭಾನುವಾರ ಅಕ್ಕ ಅವ್ವನ ಹಳೆಯ ನೂಲಿನ ಸೀರೆಯೊಂದನ್ನು ಕೇಳಿದಳು. ಕುಂಕುಮ ಕಲಸಿದ ಕೆಂಪು ನೀರು ಮಾಡಿ, ಅಳೆದು, ನಮಗೆ ಕಾಣದಂತೆ ಸೀರೆಯ ಮೇಲೆ ಸುರಿದಳು. ಅಂಗಳದಲ್ಲಿ ಹಾಸಿ, 'ಎಷ್ಟು ನೀರು ಹೇಳ್ರಿ' ಅಂದಳು.

ನಾನು ಇನ್ನೂರು ಮಿಲಿಲೀಟರ್ ಅಂದೆ. ಅಪ್ಪ 'ಒಂದು ದೊಡ್ಡ ಗ್ಲಾಸು' ಅಂದರು. ಆಯಿ ಕಣ್ಣು ಕಿರಿದು ಮಾಡಿ ನೋಡಿ, 'ಅರ್ಧ ಲೋಟಾ' ಅಂದಳು. ಅವ್ವ ಕೊನೆಗೆ ಬಂದಳು. ಅವಳು ಇಪ್ಪತ್ತು ವರ್ಷದಿಂದ ಡೇರಿಗೆ ಹಾಲು ಹಾಕುವವಳು. ಸೀರೆಯ ಅಂಚು ಹಿಡಿದು ಸ್ವಲ್ಪ ಎತ್ತಿ, ಭಾರ ನೋಡಿ, 'ಅರ್ಧ ಲೀಟರಕ್ಕ ಕಡಿಮಿ ಇಲ್ಲ' ಅಂದಳು.

ಸರಿಯಾಗಿ 500 ಇತ್ತು. ಕಣ್ಣಿನಿಂದ ನೋಡಿದ ಮೂವರೂ ತಪ್ಪಿದ್ದೆವು. ಕೈಯಿಂದ ತೂಗಿದವಳು ಗೆದ್ದಿದ್ದಳು. ನಾವೆಲ್ಲ ನಕ್ಕೆವು.

ಆಮೇಲೆ ಅವ್ವ ಆ ಸೀರೆಯನ್ನೇ ನೋಡುತ್ತಾ ಕೇಳಿದಳು: 'ಹಂಗಾದ್ರ ನನಗ ಎಷ್ಟು ಹೋಗಿತ್ತು?'

ಯಾರೂ ಉತ್ತರ ಕೊಡಲಿಲ್ಲ. ಆಯಿ ಎದ್ದು ಒಳಗೆ ಹೋದಳು. ಅಪ್ಪ ಸೀರೆ ಎತ್ತಿ ಹಿಂಡಿ ಹಗ್ಗದ ಮೇಲೆ ಹಾಕಿದರು. ಸಂಜೆ ಚಹಾ ಕುಡಿಯುವಾಗ ಅಕ್ಕನಿಗೆ, 'ಅದನ್ನ ಆರಿಸಿದ್ದು ಚಲೋ ಆತು ಬಿಡವ್ವಾ' ಅಂದರು. ಸಾಲದ ಮಾತು ಮತ್ತೆ ತೆಗೆಯಲಿಲ್ಲ. ಸಾಲವೇನೂ ಕಡಿಮೆಯಾಗಿಲ್ಲ.

ನನ್ನ ಪಾಳಿ

ಇದೆಲ್ಲ ನಡೆಯುವಾಗ ನನ್ನ ಆರನೇ ಸೆಮಿಸ್ಟರ್ ಮುಗಿಯಿತು. ಓಪನ್ ಎಲೆಕ್ಟಿವ್‌ನಲ್ಲಿ ಒಳ್ಳೆಯ ಅಂಕ ಬಂತು. ಕಾಲೇಜಿನಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ತಾಲೀಮು ಮಾಡಿಸಿದರು. ಸಂದರ್ಶಕರಾಗಿ ಕೂತಿದ್ದವರು ನನ್ನ ರೆಸ್ಯೂಮೆ ನೋಡಿ ಕೇಳಿದ ಮೊದಲ ಪ್ರಶ್ನೆಯೇ, 'ಈ ಎಲೆಕ್ಟಿವ್ ಯಾಕೆ ತಗೊಂಡೆ?'

ಅಕ್ಕನಿಗೆ ಹೇಳಿದ ಉತ್ತರವನ್ನು ಅಲ್ಲಿ ಹೇಳುವಂತಿರಲಿಲ್ಲ. 'ಆಸಕ್ತಿ ಇತ್ತು ಸರ್' ಅಂದೆ. 'ಅದರಲ್ಲಿ ಏನು ಆಸಕ್ತಿ?' ಅಂದರು. ಬೆವರಿದೆ. ಉಳಿದ ಇಪ್ಪತ್ತು ವಿಷಯಗಳನ್ನು ಯಾಕೆ ಓದಿದೆ ಅಂತ ಯಾರೂ ಕೇಳುವುದಿಲ್ಲ, ಅವನ್ನು ವಿಶ್ವವಿದ್ಯಾಲಯ ಆರಿಸಿತ್ತು. ನಾನೇ ಆರಿಸಿದ್ದು ಅಂತ ಇದ್ದದ್ದು ಅದೊಂದೇ. ಅದನ್ನೂ ನಾನು ಆರಿಸಿರಲಿಲ್ಲ.

ಸರಳ ವಿಷಯ ತೆಗೆದುಕೊಳ್ಳುವುದು ತಪ್ಪು, ಕಷ್ಟದ್ದೇ ಶ್ರೇಷ್ಠ ಅಂತ ನಾನು ಹೇಳುತ್ತಿಲ್ಲ. ಅಕ್ಕನ ರೂಮಿನ ಗೆಳತಿ ರೇಡಿಯಾಲಜಿ ತೆಗೆದುಕೊಂಡಳು. ಅವಳಿಗೆ ನಿಜಕ್ಕೂ ಅದರ ಹುಚ್ಚು. ಹದಿನೈದು ದಿನ ಎದೆಯ ಎಕ್ಸ್‌ರೇಗಳನ್ನೇ ನೋಡಿ ಲಾಗ್‌ಬುಕ್ ತುಂಬ ಚಿತ್ರ ಬರೆದಿದ್ದಾಳೆ. ಅದೇ ವಿಭಾಗ ತೆಗೆದುಕೊಂಡು ಹಾಜರಿ ಹಾಕಿ ರೂಮಿಗೆ ಓಡಿದವರೂ ಇದ್ದಾರೆ. ಪಟ್ಟಿಯಲ್ಲಿ ಇಬ್ಬರದೂ ಒಂದೇ ವಿಭಾಗ. ಪಿಜಿಗೆ ಓದಬೇಕಾದ ಒತ್ತಡವೂ ಸುಳ್ಳಲ್ಲ. ಆದರೆ ಓದಲು ಮುಂದೆ ಎಷ್ಟೋ ತಿಂಗಳುಗಳಿವೆ. ಸ್ವಂತ ಪ್ರಶ್ನೆ ಹಿಡಿದು ವಾರ್ಡಿನಲ್ಲಿ ನಿಲ್ಲಲು ಇರುವುದು ಈ ಮೂವತ್ತು ದಿನಗಳೇ. ಆಮೇಲೆ ಹನ್ನೆರಡು ತಿಂಗಳ ಇಂಟರ್ನ್‌ಶಿಪ್ ಬರುತ್ತದೆ ನಿಜ, ಆಗ ಪ್ರಶ್ನೆ ಕೇಳಿಕೊಂಡು ನಿಲ್ಲಲು ಕೆಲಸ ಬಿಡುವುದಿಲ್ಲ ಅಂತ ಸೀನಿಯರ್‌ಗಳು ಹೇಳುತ್ತಾರೆ.

ಒಂದೆರಡು ತಿಂಗಳಲ್ಲಿ ವಿದ್ಯಾರ್ಥಿಯೊಬ್ಬ ಏನು ಮಾಡಲು ಸಾಧ್ಯ ಅನ್ನುವವರಿಗೆ ಚಾರ್ಲ್ಸ್ ಬೆಸ್ಟ್ ಕಥೆ ಹೇಳಬೇಕು. 1921ರ ಬೇಸಿಗೆಯಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಅವರ ಸಹಾಯಕನಾಗಿ ನಿಂತಾಗ ಅವನಿಗೆ 22 ವರ್ಷ, ಆಗಷ್ಟೇ ಪದವಿ ಮುಗಿಸಿದ್ದ. ಮರುವರ್ಷ ಜನವರಿಯಲ್ಲಿ ಹದಿನಾಲ್ಕು ವರ್ಷದ ಮಧುಮೇಹಿ ಹುಡುಗನೊಬ್ಬನಿಗೆ ಇನ್ಸುಲಿನ್ ಕೊಟ್ಟರು. ಎಲ್ಲರೂ ಬೆಸ್ಟ್ ಆಗುವುದಿಲ್ಲ, ಒಪ್ಪಿದೆ. ಆದರೆ ಆ ಬೇಸಿಗೆ ಅವನು ಪ್ರಯೋಗಾಲಯದಲ್ಲಿ ಇದ್ದ ಅನ್ನುವುದೂ ಮುಖ್ಯ.

ಅಕ್ಕನಿಂದಲೂ ಅವಳ ಗೆಳತಿಯರಿಂದಲೂ ಕೇಳಿ, ನನ್ನ ಪೆಟ್ಟಿನಿಂದಲೂ ಕಲಿತು, ಎಲೆಕ್ಟಿವ್ ಆರಿಸುವವರಿಗೆ ಕೆಲವು ಮಾತು ಬರೆದಿದ್ದೇನೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ನಮ್ಮಂಥವರಿಗೂ.

* ಪಟ್ಟಿ ನೋಡುವ ಮೊದಲು ನಿಮ್ಮ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಒಂದೇ ಸಾಲು ಸಾಕು. ಪ್ರಶ್ನೆ ಮನೆಯಿಂದ, ಊರಿನಿಂದ ಬಂದದ್ದಾದರೆ ಇನ್ನೂ ಒಳ್ಳೆಯದು. ಅದಕ್ಕೆ ಉತ್ತರ ಎಲ್ಲಿ ಸಿಗಬಹುದು ಅಂತ ಆಮೇಲೆ ಪಟ್ಟಿಯಲ್ಲಿ ಹುಡುಕಿ.

* ವಿಷಯದ ಹೆಸರಿಗಿಂತ ಕಲಿಸುವವರು ಯಾರು ಅನ್ನುವುದು ದೊಡ್ಡದು. ಹಿಂದಿನ ವರ್ಷದವರನ್ನು 'ಅಂಕ ಎಷ್ಟು ಬಂತು' ಅಂತ ಕೇಳುವ ಬದಲು 'ಅಲ್ಲಿ ನಿಮ್ಮ ಕೈಯಿಂದ ಏನು ಮಾಡಿಸಿದರು' ಅಂತ ಕೇಳಿ.

* ಮೊದಲ ಕೆಲವು ದಿನ ಯಾರೂ ನಿಮ್ಮನ್ನು ಗಮನಿಸುವುದಿಲ್ಲ. ನಾಲ್ಕನೆಯ ದಿನ ನೀವೇ ಹೋಗಿ ಮಾತಾಡಬೇಕು. ಅಕ್ಕ ಆವತ್ತು ಸುಮ್ಮನಿದ್ದಿದ್ದರೆ ಹದಿನೈದೂ ದಿನ ರಿಜಿಸ್ಟರ್ ತುಂಬಿಸುತ್ತಿದ್ದಳು.

* ಲಾಗ್‌ಬುಕ್ ಆಯಾ ದಿನವೇ ಬರೆಯಿರಿ. ಕೊನೆಯ ರಾತ್ರಿ ಗೆಳೆಯರದು ನೋಡಿ ಬರೆದರೆ ಸಹಿ ಸಿಗುತ್ತದೆ, ಬೇರೇನೂ ಸಿಗುವುದಿಲ್ಲ. ನೀವು ತಪ್ಪಿದ್ದನ್ನೂ ಬರೆಯಿರಿ.

* ಸಂಶೋಧನೆ ಇಷ್ಟವಿದ್ದರೆ ಎಲೆಕ್ಟಿವ್ ಒಂದೇ ದಾರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದಲೂ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಅಲ್ಪಾವಧಿ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ನಿಮ್ಮದೇ ಕಾಲೇಜಿನ ಒಬ್ಬ ಮಾರ್ಗದರ್ಶಕರ ಜೊತೆ ಎರಡು ತಿಂಗಳ ಸಣ್ಣ ಸಂಶೋಧನೆ ಮಾಡಬಹುದು.

* ಮನೆಯವರಿಗೆ ಹೇಳಿ. ಅವರು ಬೇಡ ಅಂದರೆ ಅವರಿಗೂ ಕಾರಣವಿರುತ್ತದೆ, ಕೇಳಿಸಿಕೊಳ್ಳಿ. ವಾದ ಮಾಡುವುದಕ್ಕಿಂತ ಕಲಿತದ್ದನ್ನು ಅಂಗಳದಲ್ಲಿ ತೋರಿಸುವುದು ಸುಲಭ.

ನನಗೂ ಒಂದು ಹುರುಪು ಬಂದಿದೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಆ ಹಾಳೆಯ ಚೀಲದ ಕೆಳಗೆ ತೂಕ ಅಳೆಯುವ ಲೋಡ್ ಸೆಲ್ ಇಟ್ಟು, ರಕ್ತ 500 ಮಿಲಿಲೀಟರ್ ತಲುಪುವ ಮೊದಲೇ ಶಬ್ದ ಬರುವಂತೆ ಮಾಡಬೇಕು ಅಂದುಕೊಂಡೆ. ಸರ್ಕ್ಯೂಟ್ ಬರೆದು ಅಕ್ಕನಿಗೆ ಕಳಿಸಿದೆ. ಅವಳ ಉತ್ತರ ಎರಡು ಸಾಲು: 'ಗೆರಿ ಹೊಡೆದ ಹಾಳಿಗೆ ಕರೆಂಟ್ ಬೇಕಾಗಿಲ್ಲ. ನಿಂದಕ್ಕ ಬೇಕು. ಕರೆಂಟ್ ಹೋದಾಗ ಏನ್ ಮಾಡ್ತಿ?' ಸ್ವಲ್ಪ ಹೊತ್ತಿಗೆ ಮತ್ತೊಂದು ಮೆಸೇಜ್: 'ಮೊದಲ ಒಬ್ಬ ಎಎನ್‌ಎಂ ಸಿಸ್ಟರ್‌ನ ಕೇಳು, ಅವರಿಗೆ ಏನು ಬೇಕು ಅಂತ.'

ನಮ್ಮ ಓಣಿಗೆ ಬರುವ ಸಿಸ್ಟರ್‌ನ ಕೇಳಬೇಕು ಅಂತಿದ್ದೇನೆ. ನನ್ನ ಯಂತ್ರ ಅವರಿಗೆ ಬೇಡವಾಗಬಹುದು. ಅವರಿಗೆ ಬೇಕಾದದ್ದು ಬೇರೆ ಏನೋ ಇರಬಹುದು. ಅದು ಗೊತ್ತಾದರೆ ಯಾವ ವಿಷಯ ಓದಬೇಕು ಅನ್ನುವುದೂ ಗೊತ್ತಾದೀತು.

ಏಳನೇ ಸೆಮಿಸ್ಟರ್‌ನ ಎಲೆಕ್ಟಿವ್ ಪಟ್ಟಿ ಬಂದಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ್ತೆ ಪೋಲ್ ಶುರುವಾಗಿದೆ, ಈ ಸಲವೂ ಒಂದೇ ಪೇಪರಿಗೆ ವೋಟು ಬೀಳುತ್ತಿವೆ. ನಾನಿನ್ನೂ ಹಾಕಿಲ್ಲ.